ಬೀಡಿ ಕಟ್ಟದ ಮನೆ

ಕುದ್ರೋಳಿ, ಮಂಗಳೂರು
18 ನವೆಂಬರ್ 1979

ಪ್ರೀತಿಯ ಶಶೀ,

ಲೀಡ್ಸಿನಿಂದ ನೀನು ಕಳುಹಿಸಿದ ಸ್ವೆಟರ್ ಬಂದು ತಲುಪಿತು. ನಿತ್ಯಾನಂದನಿಗೆ ತೊಡಿಸಿ ನೋಡಿದೆವು. ಈ ಸೆಕೆಯಲ್ಲಿ ಉಣ್ಣೆ ಹಾಕಿಕೊಂಡು ಬೆವತು ನೀರಾದ, ಆದರೂ ತೆಗೆಯಲು ಬಿಡಲಿಲ್ಲ. "ನಿಮ್ಮ ತಂಗಿಗೆ ಮಂಗಳೂರಿನ ಸೆಕೆ ಮರ್ತೇ ಹೋಯ್ತಾ ಎಂತ?" ಎಂದು ನಿನ್ನ ಅಣ್ಣನಿಗೆ ಹೇಳಿದೆ. ಅವರು ನಕ್ಕರು. ಇತ್ತೀಚೆಗೆ ಅವರು ನಗುವುದು ಕಡಿಮೆ, ಅದಕ್ಕೇ ಬರೆಯುತ್ತಿದ್ದೇನೆ.

ಪಂಪ್‌ವೆಲ್‌ನ ಹೋಟೆಲು ಚೆನ್ನಾಗಿ ನಡೆಯುತ್ತಾ ಉಂಟು. ಲಾರಿಯವರು ಊಟಕ್ಕೆ ನಿಲ್ಲಿಸುತ್ತಾರೆ. ಊರಿನ ಗದ್ದೆಗಳು ಒಕ್ಕಲುಗಳ ಪಾಲಾದದ್ದನ್ನು ನಿನ್ನ ಅಮ್ಮ ಈಗಲೂ ದಿನಕ್ಕೊಮ್ಮೆ ಹೇಳುತ್ತಾರೆ, ನಾವು ಹೂಂ ಅನ್ನುತ್ತೇವೆ. ಅವರ ಆರೋಗ್ಯ ಪರವಾಗಿಲ್ಲ, ಸ್ವಲ್ಪ ಕೆಮ್ಮು.

ನಿತ್ಯಾನಂದನಿಗೆ ಮಾತು ಇನ್ನೂ ಬಂದಿಲ್ಲ. "ಅಮ್ಮ" ಅನ್ನುತ್ತಾನೆ, "ನೀರ್" ಅನ್ನುತ್ತಾನೆ, ಬೇರೆ ಏನು ಬೇಕಾದರೂ ಕೈ ಹಿಡಿದು ಎಳೆಯುತ್ತಾನೆ. ಮೂರು ವರ್ಷ ದಾಟಿತಲ್ಲ ಮಾರಾಯ್ತಿ. "ನನ್ನ ಮಗ ಗುಣಪಾಲನೂ ತಡವಾಗಿಯೇ ಮಾತಾಡಿದ್ದು" ಎಂದು ಅತ್ತೆ ಸಮಾಧಾನ ಹೇಳುತ್ತಾರೆ. ಪಕ್ಕದ ಮನೆಯ ಆಯಿಶಾಳ ಮಗಳು ನಾಝಿಮಾ ಇವನದ್ದೇ ಪ್ರಾಯ. ಅವಳು ಬೇಲಿಯ ಆಚೆ ನಿಂತು ಬ್ಯಾರಿ, ತುಳು, ಕನ್ನಡ ಮೂರರಲ್ಲೂ ನನ್ನೊಡನೆ ಜಗಳ ಮಾಡುತ್ತಾಳೆ.

ಆಯಿಶಾ ನಿನ್ನಲ್ಲಿ ಒಂದು ವಿಷಯ ಕೇಳಲು ಹೇಳಿದ್ದಾಳೆ. ಕಳೆದ ವರ್ಷ ಮಳೆಯಲ್ಲಿ ನೀನು ತಕ್ಕಡಿ ಹಿಡಿದುಕೊಂಡು ಕುದ್ರೋಳಿ, ಬಂದರ್ ಎಲ್ಲ ಸುತ್ತಿ, ಬಸುರಿನಲ್ಲಿ ಬೀಡಿ ಕಟ್ಟಿದವರ ಮಕ್ಕಳನ್ನು ತೂಗಿ, ಮಾತಾಡಿಸಿ, ಬರೆದುಕೊಂಡು ಹೋದೆಯಲ್ಲ. "ರತ್ನಕ್ಕ, ಕಡೆಗೆ ನಿಮ್ಮ ಡಾಕ್ಟ್ರಮ್ಮನಿಗೆ ಎಂತ ಗೊತ್ತಾಯ್ತಂತೆ? ಹೊಟ್ಟೆಯಲ್ಲಿ ಮಗು ಇರುವಾಗ ಬೀಡಿ ಕಟ್ಟಬಹುದಾ, ಬಾರದಾ?" ಎಂದು ಕೇಳುತ್ತಾಳೆ. ಅವಳಿಗೆ ಈಗ ಮೂರು ತಿಂಗಳು. ಬೇಡ ಎಂದು ನೀನು ಬರೆದರೆ ಹೇಗಾದರೂ ಬಿಡುತ್ತಾಳೆ. ಸುಮ್ಮನೆ ಬಿಡುವ ಹಾಗಿಲ್ಲ ನೋಡು, ಮನೆಯ ಒಲೆ ಉರಿಯುವುದು ಅದರಲ್ಲೇ.

ಇನ್ನೊಂದು ಸುದ್ದಿ. ನನಗೂ ಮೂರು ತಿಂಗಳು. ನಗಬೇಡ.

ನಿನ್ನ ಅತ್ತಿಗೆ
ರತ್ನಾವತಿ

———

ಲೀಡ್ಸ್
6 ಡಿಸೆಂಬರ್ 1979

ಪ್ರೀತಿಯ ಅತ್ತಿಗೆ,

ನಿಮ್ಮ ಪತ್ರ ಓದಿ ಇಡೀ ದಿನ ಖುಷಿಯಲ್ಲಿದ್ದೆ. ಈ ಸಲ ಹೆಣ್ಣಾಗಲಿ. ಅಮ್ಮನಿಗೆ ಮೊಮ್ಮಗಳು ಬೇಕು, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ. ಕುಚ್ಚಲಕ್ಕಿ ಸಿಗುವುದಿಲ್ಲ. ಒಣಮೀನು ಹುರಿದರೆ ಮನೆಯೊಡತಿ ಕಿಟಕಿಗಳನ್ನೆಲ್ಲ ತೆರೆಯುತ್ತಾಳೆ.

ಆಯಿಶಾಳ ಪ್ರಶ್ನೆಗೆ ಉತ್ತರಿಸುವುದು ಕಷ್ಟ. ಲೆಕ್ಕ ಇನ್ನೂ ಮುಗಿದಿಲ್ಲ. ಮುಗಿದರೂ, ಪ್ರಬಂಧ ಅಚ್ಚಾಗುವ ತನಕ ಫಲಿತಾಂಶವನ್ನು ಹೊರಗೆ ಹೇಳಬಾರದೆಂದು ನನ್ನ ಪ್ರೊಫೆಸರ್ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಅದರಲ್ಲಿ ನ್ಯಾಯವೂ ಇದೆ. ನಾನು ಅರ್ಧ ತಿಳಿದು ಒಂದು ಮಾತು ಬರೆದರೆ ಅದು ಒಂದೇ ವಾರದಲ್ಲಿ ಬಂದರ್ ತನಕ ಹೋಗುತ್ತದೆ, ಹೆಂಗಸರು ಕೆಲಸ ಬಿಡುತ್ತಾರೆ, ಮತ್ತೆ ಅದು ತಪ್ಪೆಂದಾದರೆ ಅವರ ಮನೆಗೆ ಅಕ್ಕಿ ತರುವವರು ಯಾರು? ಹಸಿರು ಸೊಪ್ಪು ತಿನ್ನಲಿ, ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ತಪ್ಪಿಸದಿರಲಿ ಎಂದು ಹೇಳಿ.

ಒಂದು ತಮಾಷೆ ಕೇಳಿ. ನಾನು ಮನೆಗಳನ್ನು ಎರಡು ಪಾಲು ಮಾಡಿದ್ದೆನಲ್ಲ, ಬೀಡಿ ಕಟ್ಟುವ ಮನೆ, ಬೀಡಿ ಕಟ್ಟದ ಮನೆ ಎಂದು. ಕಟ್ಟುವ ಮನೆಗಳನ್ನು ಎಲೆ, ಹುಡಿ ಕೊಟ್ಟು ಬೀಡಿ ಕೊಳ್ಳುವ ಡಿಪೊದಲ್ಲಿ ಹೆಸರಿದ್ದವರಿಂದ ಆರಿಸಿದೆ. ಕಟ್ಟದ ಮನೆಗಳ ಪಾಲಿಗೆ ನಮ್ಮ ಮನೆಯನ್ನೂ ಸೇರಿಸಿದೆ. ನಮ್ಮ ಮನೆಯ ಉತ್ತರಗಳನ್ನೆಲ್ಲ ನಾನೇ ತುಂಬಿಸಿದ್ದು, ನಿಮ್ಮನ್ನು ಕೇಳುವ ಕೆಲಸವೇ ಇರಲಿಲ್ಲ. ಈಗ ನೋಡಿದರೆ ತಂಬಾಕಿನ ಹುಡಿಯ ನಡುವೆ ಹುಟ್ಟಿದ ನಾಝಿಮಾ ಪಟಪಟ ಮಾತಾಡುತ್ತಾಳೆ, ಬೀಡಿ ಎಲೆಯನ್ನೇ ಕಾಣದ ನಿತ್ಯಾನಂದ ಸುಮ್ಮನಿರುತ್ತಾನೆ. ಇಬ್ಬರೂ ಸೇರಿ ನನ್ನ ಗ್ರಾಫ್ ಹಾಳು ಮಾಡಿದ್ದಾರೆ. ಇಬ್ಬರನ್ನೂ ಲೆಕ್ಕದಿಂದ ಬಿಟ್ಟುಬಿಡು ಎನ್ನುತ್ತಾರೆ ಪ್ರೊಫೆಸರ್.

ನಿಮ್ಮ ಬಗ್ಗೆ ನನಗೆ ಚಿಂತೆಯಿಲ್ಲ. ಅಮ್ಮ ಇದ್ದಾರೆ, ಅಣ್ಣ ಇದ್ದಾನೆ, ನಮ್ಮ ಮನೆಯಲ್ಲಿ ಅಂಥ ಧೂಳೂ ಇಲ್ಲ.

ಪ್ರೀತಿಯಿಂದ
ಶಶಿಪ್ರಭಾ

———

ಕುದ್ರೋಳಿ
3 ಜನವರಿ 1980

ಪ್ರೀತಿಯ ಶಶೀ,

ನನ್ನ ಮಗ ನಿನ್ನ ಗ್ರಾಫ್ ಹಾಳು ಮಾಡಿದ್ದಾನೆ ಎಂದು ಓದಿ ನಗು ಬಂತು. ಆಮೇಲೆ ಅಡಿಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ನೀನು ತಮಾಷೆಗೆ ಬರೆದದ್ದು ಎಂದು ಗೊತ್ತು. ಎದುರಿಗೆ ಇದ್ದಿದ್ದರೆ ತುಳುವಿನಲ್ಲಿ ಚೆನ್ನಾಗಿ ಬಯ್ಯುತ್ತಿದ್ದೆ. ಕಾಗದ ಹಿಡಿದರೆ ಕನ್ನಡ ಬರುತ್ತದೆ, ಕನ್ನಡದಲ್ಲಿ ನನಗೆ ಮರ್ಯಾದೆಯೇ ಜಾಸ್ತಿ.

ನೀನು ಹೇಳಿದ್ದನ್ನು ಆಯಿಶಾಳಿಗೆ ಹೇಳಿದೆ. ಅಪಾಯವೇ ಇದ್ದಿದ್ದರೆ ಡಾಕ್ಟ್ರಮ್ಮ ಬರೆಯದೆ ಬಿಡುತ್ತಿದ್ದರಾ ಎಂದಳು. ನಾನೂ ಹಾಗೆಯೇ ತಿಳಿದೆ. ಆದರೆ ರಾತ್ರಿ ಮಲಗಿದಾಗ ಪುನಃ ಅದೇ ಯೋಚನೆ ಬರುತ್ತದೆ, ಅವಳಿಗೆ.

ಅವಳು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಟ್ಟುತ್ತಾಳೆ ಶಶೀ. ಕಿಟಕಿಯೂ ಮುಚ್ಚಿರುತ್ತದೆ. ಹುಡಿ ಕೋಣೆಯಲ್ಲಿಯೇ ನಿಲ್ಲುತ್ತದೆ, ಗಂಟಲಲ್ಲಿ ಕೂತುಕೊಳ್ಳುತ್ತದೆ, ಅನ್ನಕ್ಕೂ ಅದೇ ಘಾಟು. ಅವಳ ಅತ್ತೆ ನೂಲು ಸುತ್ತಿಕೊಡುತ್ತಾ ಕೆಮ್ಮುತ್ತಾರೆ. ಮೊದಲನೆಯ ಬಸುರಿನಲ್ಲಿಯೂ ಹೀಗೆಯೇ ಆಗಿತ್ತು. ಆಗ ಹೆದರಿಕೆ ಇರಲಿಲ್ಲ, ಈಗ ಉಂಟು. ಕಾರಣ ಕೇಳಬೇಡ.

ನನಗೆ ಪ್ರಬಂಧ, ಪ್ರೊಫೆಸರ್ ಎಲ್ಲ ಅರ್ಥವಾಗುವುದಿಲ್ಲ. ಒಂದೇ ಶಬ್ದ ಬರೆ ಸಾಕು. ಕಟ್ಟಬಹುದು ಎಂದು ಬರೆ, ಇಲ್ಲವಾದರೆ ಬೇಡ ಎಂದು ಬರೆ. ಯಾರಿಗೂ ಹೇಳುವುದಿಲ್ಲ, ಆಣೆ. ಬೇಡ ಎಂದು ನೀನು ಬರೆದರೆ ಆ ಕಾಗದವನ್ನು ಅವಳ ಗಂಡನ ಮುಂದೆ ಹಿಡಿಯಬಹುದು. ನನ್ನ ಮಾತು ಅವರು ಕೇಳುವುದಿಲ್ಲ, ಡಾಕ್ಟರರ ಮಾತಾದರೆ ಕೇಳಿಯಾರು.

ನಿತ್ಯಾನಂದ ಸ್ವೆಟರನ್ನು ತಲೆದಿಂಬು ಮಾಡಿಕೊಂಡಿದ್ದಾನೆ.

ನಿನ್ನ
ರತ್ನಾವತಿ

———

ಲೀಡ್ಸ್
9 ಫೆಬ್ರವರಿ 1980

ಪ್ರೀತಿಯ ಅತ್ತಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ಲೆಕ್ಕ ಮುಗಿಯಿತು. ಏನೋ ಒಂದು ಸ್ಪಷ್ಟವಾಗಿ ಕಾಣುತ್ತಿದೆ, ನಾನು ಎಣಿಸಿದ್ದಕ್ಕಿಂತ ಸ್ಪಷ್ಟವಾಗಿ. ಪ್ರೊಫೆಸರ್ ನನ್ನ ಕೈ ಕುಲುಕಿದರು. ಜುಲೈಯಲ್ಲಿ ಇಲ್ಲಿ ದೊಡ್ಡ ಸಮ್ಮೇಳನವಿದೆ, ಅಲ್ಲಿ ನಾನು ಮಾತಾಡಬೇಕಂತೆ. ಮಂಗಳೂರಿನ ಹುಡುಗಿ ಆ ವೇದಿಕೆಯಲ್ಲಿ ನಿಲ್ಲುತ್ತಾಳೆ ಎಂದು ಅಮ್ಮನಿಗೆ ಹೇಳಿ.

ಆಯಿಶಾಳಿಗೆ ಹೇಳಿ, ಸಾಧ್ಯವಾದರೆ ಸ್ವಲ್ಪ ಕಡಿಮೆ ಮಾಡಲಿ. ಹೆದರಿಸಬೇಡಿ. ಇದಕ್ಕಿಂತ ಹೆಚ್ಚು ಬರೆದರೆ ಕೊಟ್ಟ ಮಾತು ಮುರಿದ ಹಾಗೆ. ಅಚ್ಚಾದ ಕೂಡಲೇ ಮೊದಲ ಪ್ರತಿ ನಿಮಗೇ ಕಳುಹಿಸುತ್ತೇನೆ, ನೀವೇ ಅವಳಿಗೆ ಓದಿ ಹೇಳಬಹುದು.

ನಿತ್ಯಾನಂದನ ವಿಷಯ ಚಿಂತೆ ಬೇಡ. ಗಂಡು ಮಕ್ಕಳು ತಡ. ನಿಮ್ಮ ಆರೋಗ್ಯ ಬರೆಯಿರಿ.

ಶಶಿ

———

ಕುದ್ರೋಳಿ
11 ಜೂನ್ 1980

ಪ್ರೀತಿಯ ಶಶೀ,

ಹೆಣ್ಣು ಮಗು. ತಿಂಗಳು ತುಂಬುವ ಮೊದಲೇ, ಏಪ್ರಿಲ್ ಕೊನೆಯಲ್ಲಿ ಹೆರಿಗೆ ಆಯಿತು. ಕುಶಲಾ ಎಂದು ಹೆಸರಿಟ್ಟಿದ್ದೇವೆ, ಅತ್ತೆಯ ಆಸೆ. ತಾಯಿ, ಮಗು ಕ್ಷೇಮ.

ಸಾಧ್ಯವಾದರೆ ಕಡಿಮೆ ಮಾಡಲಿ ಎಂದು ನೀನು ಬರೆದಿದ್ದೆ. ಸಾಧ್ಯವಾಗಲಿಲ್ಲವಂತೆ.

ಮಳೆ ಜೋರು. ಹೆಚ್ಚು ಬರೆಯಲು ಕೈ ಬರುವುದಿಲ್ಲ.

ರತ್ನಾವತಿ

———

ಲೀಡ್ಸ್
2 ಆಗಸ್ಟ್ 1980

ಪ್ರೀತಿಯ ಅತ್ತಿಗೆ,

ಕುಶಲಾ! ಎಷ್ಟು ಒಳ್ಳೆಯ ಹೆಸರು. ಆರು ತಿಂಗಳ ಮಗುವಿಗೆ ಆಗುವ ಗುಲಾಬಿ ಫ್ರಾಕ್ ಒಂದನ್ನು ಕಳುಹಿಸಿದ್ದೇನೆ, ಈಗ ದೊಡ್ಡದಾಗಬಹುದು, ಪೆಟ್ಟಿಗೆಯಲ್ಲಿಡಿ. ತೂಕ ಎಷ್ಟು ಎಂದು ಬರೆಯಲೇ ಇಲ್ಲ ನೀವು. ಮನೆಯಲ್ಲಿ ಡಾಕ್ಟರ್ ಇದ್ದೂ ಯಾರೂ ತೂಕ ಹೇಳುವುದಿಲ್ಲವಲ್ಲ.

ಸಮ್ಮೇಳನದಲ್ಲಿ ನನ್ನ ಭಾಷಣ ಚೆನ್ನಾಗಿ ಆಯಿತು. ಜನ ಎದ್ದು ಬಂದು ಪ್ರಶ್ನೆ ಕೇಳಿದರು. ಸಿಗರೇಟು ಸೇದುವ ತಾಯಂದಿರ ಬಗ್ಗೆ ಇಲ್ಲಿ ಬಹಳ ಕೆಲಸ ಆಗಿದೆ, ಆದರೆ ಸೇದದೆ, ಬರಿಯ ಕೈಯಲ್ಲಿ ಮುಟ್ಟಿ, ಉಸಿರಿನಲ್ಲಿ ಎಳೆದುಕೊಳ್ಳುವ ತಾಯಂದಿರ ವಿಷಯ ಯಾರೂ ಯೋಚಿಸಿರಲಿಲ್ಲವಂತೆ. ಕುದ್ರೋಳಿಯ ಹೆಸರನ್ನು ಇಂಗ್ಲಿಷಿನವರ ಬಾಯಲ್ಲಿ ಕೇಳುವಾಗ ನಗು ಬಂತು.

ಆಯಿಶಾಳಿಗೂ ಈಗ ಹೆರಿಗೆ ಆಗಿರಬೇಕಲ್ಲ? ಸೂಲಗಿತ್ತಿ ಲಿಲ್ಲಿ ಬಾಯಿಯವರ ಬಳಿ ತಕ್ಕಡಿ ಇದೆ. ಅವಳ ಮಗುವಿನ ತೂಕ ಕೇಳಿ ಬರೆದರೆ ನನಗೆ ಉಪಕಾರವಾಗುತ್ತದೆ. ಮುಂದಿನ ಕೆಲಸಕ್ಕೆ ಬೇಕು.

ಪ್ರೀತಿಯಿಂದ
ಶಶಿ

———

ಕುದ್ರೋಳಿ
15 ಮಾರ್ಚ್ 1981

ಶಶೀ,

ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯಲಿಲ್ಲ. ಸಿಟ್ಟಾಗಿದ್ದೇನೆ ಎಂದುಕೊಂಡಿರಬಹುದು. ಏನು ಬರೆಯುವುದೆಂದು ಗೊತ್ತಾಗಲಿಲ್ಲ, ಅಷ್ಟೆ.

ನೀನು ಆಯಿಶಾಳ ಮಗುವಿನ ತೂಕ ಕೇಳಿದ್ದೆ. ಬಹಳ ಸಣ್ಣದು ಎಂದು ಬರೆದುಕೋ.

ಫ್ರಾಕ್ ಕುಶಲಾಳಿಗೆ ಈಗಲೂ ದೊಡ್ಡದು. ಹತ್ತು ತಿಂಗಳು ದಾಟಿತು, ಕುತ್ತಿಗೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಹೆಗಲ ಮೇಲೆ ಹಾಕಿಕೊಂಡರೆ ತಲೆ ಜೋಲುತ್ತದೆ. ಹಾಲು ಎಳೆಯಲು ದಣಿಯುತ್ತಾಳೆ, ಅರ್ಧದಲ್ಲಿ ನಿದ್ದೆ ಹೋಗುತ್ತಾಳೆ. ನಗುತ್ತಾಳೆ ಮಾತ್ರ. ನಾನು ಒಳಗಿನಿಂದ ಮಾತಾಡಿದರೆ ಸಾಕು, ಹೊರಗೆ ಮಲಗಿದಲ್ಲಿಂದಲೇ ನಗುತ್ತಾಳೆ.

ನಿತ್ಯಾನಂದನನ್ನು ಬಾಲವಾಡಿಗೆ ಬಿಟ್ಟೆ. ಟೀಚರ್ ಅವನನ್ನು ಕರೆದುಕೊಂಡು ಮನೆಗೇ ಬಂದರು. "ತಪ್ಪು ತಿಳ್ಕೊಳ್ಬೇಡಿ ರತ್ನಾವತಿಯವರೆ, ಇವನಿಗೆ ಇನ್ನೊಂದು ವರ್ಷ ಆಗ್ಲಿ" ಎಂದರು. ತಪ್ಪು ತಿಳಿದುಕೊಳ್ಳದೆ ಎಂತ ಮಾಡುವುದು? ಅವರಿಗೆ ಚಹಾ ಮಾಡಿಕೊಟ್ಟೆ. ಅವರು ಹೋದ ಮೇಲೆ ನಿತ್ಯಾನಂದ ಆ ಲೋಟ ತೆಗೆದುಕೊಂಡು ಹೋಗಿ ತೊಳೆದಿಟ್ಟ. ಅಷ್ಟು ಬುದ್ಧಿ ಉಂಟು ಅವನಿಗೆ.

ಮನೆಗೆ ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಒಬ್ಬರು ದೋಷ ಎನ್ನುತ್ತಾರೆ, ಇನ್ನೊಬ್ಬರು ನನ್ನ ಕಡೆಯ ರಕ್ತ ಎನ್ನುತ್ತಾರೆ. ನೀನು ಡಾಕ್ಟರಲ್ಲವಾ, ನೀನು ಹೇಳು. ನನ್ನ ಇಬ್ಬರು ಮಕ್ಕಳಿಗೂ ಯಾಕೆ ಹೀಗೆ?

ರತ್ನಾವತಿ

———

ಲೀಡ್ಸ್
20 ಅಕ್ಟೋಬರ್ 1981

ಪ್ರೀತಿಯ ಅತ್ತಿಗೆ,

ಉತ್ತರಿಸಲು ತಡವಾಯಿತು, ಕ್ಷಮಿಸಿ. ಕುಶಲಾಳ ಬಗ್ಗೆ ಇಲ್ಲಿಯ ಮಕ್ಕಳ ವೈದ್ಯರನ್ನು ಕೇಳಿದೆ. ತಿಂಗಳು ತುಂಬದೆ ಹುಟ್ಟಿದ್ದರಿಂದ ಇರಬಹುದು, ಮನೆತನದಲ್ಲಿ ಬಂದದ್ದೂ ಇರಬಹುದು ಎಂದರು. ನೋಡದೆ ಹೇಳುವುದು ಕಷ್ಟವಂತೆ. ನಾನು ಬಂದಾಗ ಖಂಡಿತ ನೋಡುತ್ತೇನೆ.

ಇದರೊಂದಿಗೆ ನನ್ನ ಪ್ರಬಂಧ ಇದೆ. ಕಡೆಗೂ ಅಚ್ಚಾಯಿತು. ನನ್ನ ಹೆಸರು ಮೊದಲು ಇದೆ ನೋಡಿ. ಇಂಗ್ಲಿಷಿನಲ್ಲಿದೆ, ಆದ್ದರಿಂದ ಸಾರಾಂಶ ಬರೆಯುತ್ತೇನೆ. ಬಸುರಿನಲ್ಲಿ ಬೀಡಿ ಕಟ್ಟಿದ ತಾಯಂದಿರ ಮಕ್ಕಳು ಹುಟ್ಟುವಾಗ ಸಣ್ಣಗಿದ್ದರು. ಅನೇಕರು ತಿಂಗಳು ತುಂಬುವ ಮೊದಲೇ ಹುಟ್ಟಿದರು. ಕುತ್ತಿಗೆ ನಿಲ್ಲುವುದು, ಕೂರುವುದು, ನಡೆಯುವುದು, ಮಾತು, ಎಲ್ಲವೂ ಬೇರೆ ಮಕ್ಕಳಿಗಿಂತ ತಡವಾಯಿತು. ಮುಚ್ಚಿದ ಕೋಣೆಯಲ್ಲಿ ಕಟ್ಟಿದವರ ಮಕ್ಕಳಲ್ಲಿ ಇನ್ನೂ ಹೆಚ್ಚು. ಈಗ ನೀವು ಆಯಿಶಾಳಿಗೆ ಧೈರ್ಯವಾಗಿ ಹೇಳಬಹುದು, ಮುಂದಿನ ಬಸುರಿನಲ್ಲಿ ಬಿಟ್ಟುಬಿಡಲಿ.

ಕೊನೆಯ ಪುಟದ ಕೆಳಗೆ ಒಂದು ಸಣ್ಣ ಟಿಪ್ಪಣಿ ಇದೆ. ಇಬ್ಬರು ಮಕ್ಕಳು ತಮ್ಮ ಪಾಲಿಗೆ ಹೊಂದದೆ ಇದ್ದುದರಿಂದ ಅವರನ್ನು ಕೈಬಿಡಲಾಗಿದೆ ಎಂದು. ಅದು ನಮ್ಮ ನಿತ್ಯಾನಂದ ಮತ್ತು ನಾಝಿಮಾ. ಹೆಸರಿಲ್ಲದಿದ್ದರೂ ಅವರಿಬ್ಬರೂ ಅಚ್ಚಾದರು. ಕೃತಜ್ಞತೆಯಲ್ಲಿ ನಿಮ್ಮ ಹೆಸರು ಹಾಕಿದ್ದೇನೆ. ಆ ತಾಯಂದಿರ ಮನೆಗಳಿಗೆ ನನ್ನನ್ನು ಕರೆದುಕೊಂಡು ಹೋದವರು ನೀವೇ ಅಲ್ಲವೇ?

ನಿಮ್ಮ
ಶಶಿಪ್ರಭಾ

———

ಕುದ್ರೋಳಿ
6 ಡಿಸೆಂಬರ್ 1981

ಶಶೀ,

ಪ್ರಬಂಧ ಬಂತು. ನಿನ್ನ ಅಣ್ಣ ನಿನ್ನ ಹೆಸರನ್ನು ಎಲ್ಲರಿಗೂ ತೋರಿಸಿದರು. ಅತ್ತೆ ಕಣ್ಣಿಗೆ ಒತ್ತಿಕೊಂಡು ದೇವರ ಹತ್ತಿರ ಇಟ್ಟರು. ನಾನು ನೀನು ಬರೆದ ಕನ್ನಡ ಸಾರಾಂಶವನ್ನು ಓದಿದೆ. ಆ ದಿನ ಒಲೆ ಹಚ್ಚಲಿಲ್ಲ.

ಆಯಿಶಾ ಬಸುರಿ ಆಗಿರಲೇ ಇಲ್ಲ ಶಶೀ. ನಾಝಿಮಾ ಹುಟ್ಟಿದ ಮೇಲೆ ಅವಳಿಗೆ ಮಗು ಆಗಲೇ ಇಲ್ಲ. ಕೇಳಿದವಳು ನಾನು. ಬಾಗಿಲು ಹಾಕಿಕೊಂಡು ಕಟ್ಟಿದವಳು ನಾನು. ನೂಲು ಸುತ್ತಿಕೊಟ್ಟು ಕೆಮ್ಮುತ್ತಿದ್ದದ್ದು ನಿನ್ನ ಅಮ್ಮ.

ಪಂಪ್‌ವೆಲ್‌ನ ಹೋಟೆಲು ನೀನು ಇಂಗ್ಲೆಂಡಿಗೆ ಹೋಗುವ ಮೊದಲೇ ಮುಚ್ಚಿತ್ತು. ನಿನ್ನ ಅಣ್ಣ ಬಂದರ್‌ನಲ್ಲಿ ವ್ಯಾಪಾರಿ ಮೋಹನದಾಸ್ ಅವರ ಗೋದಾಮಿನಲ್ಲಿ ಸಂಬಳಕ್ಕೆ ಕೂರುತ್ತಾರೆ. ಗದ್ದೆ ಹೋದ ಮೇಲೆ ಈ ಮನೆ ನಡೆದದ್ದು ಬೀಡಿಯಲ್ಲಿ. ಹಿಂದೆ ನಮ್ಮ ಅಂಗಳಕ್ಕೆ ಗೇಣಿ ಅಕ್ಕಿ ತಂದವರ ಮಕ್ಕಳು ಈಗ ಡಿಪೊದಲ್ಲಿ ಸಾಲು ನಿಲ್ಲುತ್ತಾರೆ, ಅವರ ಹಿಂದೆ ಗುಣಪಾಲ ಶೆಟ್ಟರ ಹೆಂಡತಿ ತಡ್ಪೆ ಹಿಡಿದು ನಿಲ್ಲುವುದಾ? "ನಮ್ಮ ಅಳಿಯಕಟ್ಟಿನಲ್ಲಿ ಮನೆ ಹೆಣ್ಣುಮಕ್ಕಳಿಗೆ ಸೇರಿದ್ದು, ಈ ಮನೆ ಶಶಿಯದ್ದು, ನಾಳೆ ಅವಳ ಮಕ್ಕಳದ್ದು. ಇದರಲ್ಲಿ ಬೀಡಿ ಕಟ್ಟಿದ್ರು ಅಂತ ಅವಳಿಗೆ ಗೊತ್ತಾಗ್ಬಾರ್ದು" ಎಂದು ನಿನ್ನ ಅಣ್ಣ ನನ್ನಿಂದ ಮಾತು ತೆಗೆದುಕೊಂಡಿದ್ದರು. ಅದಕ್ಕೆ ನನ್ನ ಹೆಸರು ಡಿಪೊದಲ್ಲಿ ಇಲ್ಲ. ನಾನು ಕಟ್ಟಿದ್ದನ್ನು ಬೇಲಿಯ ಮೇಲಿನಿಂದ ಆಯಿಶಾಳಿಗೆ ಕೊಡುವುದು, ಅವಳು ತನ್ನ ಹೆಸರಿನಲ್ಲಿ ಉಮರಬ್ಬರ ಡಿಪೊಗೆ ಹಾಕುವುದು. ಕುದ್ರೋಳಿಯಲ್ಲಿ ಮರ್ಯಾದೆಯ ಮನೆಗಳೆಲ್ಲ ಹೀಗೆಯೇ ಮಾಡುವುದು. ನಿನಗೆ ಮಾತ್ರ ಗೊತ್ತಿರಲಿಲ್ಲ.

ನಾಝಿಮಾ ಹೊಟ್ಟೆಯಲ್ಲಿದ್ದಾಗ ಆಯಿಶಾಳಿಗೆ ರಕ್ತ ಹೋಗಿ, ಅವಳು ತಾಯಿಮನೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದಳು. ಹೆರಿಗೆ ತನಕ ಒಂದು ಬೀಡಿ ಮುಟ್ಟಲಿಲ್ಲ. ಆಗ ಅವಳ ಹೆಸರಿನಲ್ಲಿ ಡಿಪೊಗೆ ಹೋದದ್ದೆಲ್ಲ ನನ್ನದು, ನಿತ್ಯಾನಂದ ಹೊಟ್ಟೆಯಲ್ಲಿದ್ದಾಗ ಕಟ್ಟಿದ್ದು. ನನ್ನ ಗುಟ್ಟು ಉಳಿಸಲು ಆಯಿಶಾ ನಿನ್ನೆದುರು ಹೂಂ ಅಂದಳು, ನೀನು ಹೆಸರು ನೋಡಿದೆ. ಅವಳ ಮಗಳನ್ನು ಬೀಡಿಯ ಪಾಲಿಗೆ ಹಾಕಿದೆ, ನನ್ನ ಮಗನನ್ನು ಬೀಡಿ ಇಲ್ಲದ ಪಾಲಿಗೆ. ಇಬ್ಬರೂ ಹೊಂದಲಿಲ್ಲ ಎಂದು ಇಬ್ಬರನ್ನೂ ತೆಗೆದು ಹೊರಗೆ ಹಾಕಿದೆ.

ನೀನು ತಕ್ಕಡಿ ತಂದ ದಿನ ನನ್ನ ತಡ್ಪೆ ಎಲ್ಲಿತ್ತು ಗೊತ್ತಾ? ನೀನು ಕೂತ ಮಂಚದ ಅಡಿಯಲ್ಲಿ. ಎಲೆ, ಹುಡಿ, ಕತ್ತರಿ ಎಲ್ಲ ಆ ಮೊರದಲ್ಲೇ ಇಟ್ಟು ಒಂದು ಹಳೆ ಸೀರೆಯಲ್ಲಿ ಸುತ್ತಿ ತಳ್ಳಿದ್ದೆ. ನೀನು ಅದರ ಮೇಲೆ ಕೂತು ಬರೆದೆ. ಕುದ್ರೋಳಿಯ ಹೆಂಗಸರನ್ನೆಲ್ಲ ನೀನು ಕೇಳಿದೆ, ನಿಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತಾರಾ ಎಂದು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆನೋ ಏನೋ, ನನಗೆ ಗೊತ್ತಿಲ್ಲ. ಆದರೆ ನೀನು ಕೇಳಲೇ ಇಲ್ಲವಲ್ಲ ಮಾರಾಯ್ತಿ.

ಆದದ್ದು ಆಯಿತು ಎಂದು ಬಿಡುತ್ತಿದ್ದೆ. ಆದರೆ ಫೆಬ್ರವರಿಯಲ್ಲಿ ನಿನಗೆ ಗೊತ್ತಿತ್ತು. ಲೆಕ್ಕ ಮುಗಿಯಿತು ಎಂದು ನೀನೇ ಬರೆದಿದ್ದಿ, ಪ್ರೊಫೆಸರ್ ಕೈ ಕುಲುಕಿದರು ಎಂದು ಬರೆದಿದ್ದಿ. ಕುಶಲಾ ಆಗ ನನ್ನ ಹೊಟ್ಟೆಯಲ್ಲಿ ಆರು ತಿಂಗಳು. ನಾನು ಒಂದೇ ಶಬ್ದ ಕೇಳಿದ್ದು. ಬೇಡ ಎಂದು ಬರೆಯಲು ನಿನಗೆ ಎಷ್ಟು ಶಾಯಿ ಬೇಕಿತ್ತು? ನೀನು ಸಾಧ್ಯವಾದರೆ ಎಂದು ಬರೆದೆ. ಆ ಕಾಗದವನ್ನು ನಿನ್ನ ಅಣ್ಣನಿಗೆ ತೋರಿಸಿದೆ. "ನೋಡು, ಸ್ವಲ್ಪ ಕಡಿಮೆ ಮಾಡು ಅಂತ ಮಾತ್ರ ಬರ್ದಿದ್ದಾಳೆ, ಗಾಬರಿ ಎಂತಕ್ಕೆ?" ಎಂದರು. ನಾನು ಪುನಃ ಹೋಗಿ ಕೂತೆ.

ಇವತ್ತು ನಾನು ಮರ್ಯಾದೆಯ ಕನ್ನಡ ಬರೆಯುವುದಿಲ್ಲ.

ರತ್ನಾವತಿ

———

ಲೀಡ್ಸ್
3 ಜನವರಿ 1982

ಅತ್ತಿಗೆ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ಹಳೆಯ ಪತ್ರಗಳನ್ನೆಲ್ಲ ತೆಗೆದು ಹರಡಿಕೊಂಡು ಕೂತೆ. ಎಲ್ಲವೂ ಅಲ್ಲೇ ಇತ್ತು. ಬಾಗಿಲು ಹಾಕಿಕೊಂಡು ಕಟ್ಟುತ್ತಾಳೆ ಎಂದು ಬರೆದಿದ್ದಿರಿ. ಆಯಿಶಾ ಹೊರಗಿನ ಜಗಲಿಯಲ್ಲಿ ಎಲ್ಲರೆದುರು ಕೂತು ಕಟ್ಟುವುದನ್ನು ನಾನೇ ಕಣ್ಣಾರೆ ಕಂಡವಳು. ಅವಳು ಬಾಗಿಲು ಯಾಕೆ ಹಾಕಬೇಕು ಎಂದು ನನಗೆ ಹೊಳೆಯಲಿಲ್ಲ. ಆ ಸಾಲಿನಿಂದ ನಾನು ತೆಗೆದುಕೊಂಡದ್ದು ಮುಚ್ಚಿದ ಕೋಣೆಯ ಪ್ರಶ್ನೆಯನ್ನು ಮಾತ್ರ. ಯಾರು ಎಲ್ಲಿ ಕೂತು ಕಟ್ಟಿದರು ಎಂದು ನನ್ನ ಟಿಪ್ಪಣಿಗಳಲ್ಲಿ ಹುಡುಕಿ ಅದನ್ನು ಪ್ರಬಂಧಕ್ಕೆ ಸೇರಿಸಿದೆ.

ಪ್ರೊಫೆಸರಿಗೆ ಹೇಳಿದೆ. ತಿದ್ದುಪಡಿ ಹಾಕಬೇಕು ಎಂದೆ. ಅವರು ನಿತ್ಯಾನಂದನನ್ನೂ ನಾಝಿಮಾಳನ್ನೂ ಸರಿಯಾದ ಜಾಗಕ್ಕೆ ಹಾಕಿ ಪುನಃ ಲೆಕ್ಕ ಮಾಡಿಸಿದರು. ಫಲಿತಾಂಶ ಇನ್ನೂ ಗಟ್ಟಿಯಾಯಿತು. ಅವರಿಗೆ ಸಂತೋಷವಾಯಿತು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ನಿಮ್ಮ ಇಬ್ಬರು ಮಕ್ಕಳಿಗೂ ಯಾಕೆ ಹೀಗೆ ಎಂದು ಕೇಳಿದ್ದಿರಿ. ನಾನು ಸುಳ್ಳು ಹೇಳಬಾರದು. ಒಂದು ಮಗುವಿನ ವಿಷಯದಲ್ಲಿ ಇದರಿಂದಲೇ ಆಯಿತು ಎಂದು ಯಾರೂ ಹೇಳಲಾರರು ಅತ್ತಿಗೆ. ನೂರು ಮಕ್ಕಳನ್ನು ಒಟ್ಟಿಗೆ ನೋಡಿದರೆ ಹೇಳಬಹುದು, ಕುಶಲಾ ಒಬ್ಬಳ ಬಗ್ಗೆ ಹೇಳಲಾಗುವುದಿಲ್ಲ. ನನ್ನ ವಿದ್ಯೆ ಅಷ್ಟೇ. ನೀವು ಬಿಟ್ಟಿದ್ದರೆ ಅವಳು ಸರಿಯಾಗಿ ಇರುತ್ತಿದ್ದಳೇ ಎಂದು ನನಗೂ ಎಂದೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಅದನ್ನು ಹೇಗೆ ಹೊತ್ತುಕೊಂಡು ತಿರುಗುವುದೋ ನನಗೆ ತಿಳಿಯದು.

ಒಂದು ಮಾತು ಮಾತ್ರ ಗೊತ್ತು. ನನ್ನ ಅತ್ತಿಗೆ ಕೇಳುತ್ತಿದ್ದಾಳೆ ಎಂದು ತಿಳಿದಿದ್ದರೆ ಆ ದಿನವೇ ತಂತಿ ಕಳುಹಿಸುತ್ತಿದ್ದೆ. ಆಯಿಶಾ ಕೇಳುತ್ತಿದ್ದಾಳೆ ಎಂದುಕೊಂಡೆ, ಅದಕ್ಕೆ ಕಾಯಲಿ ಎಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಏಪ್ರಿಲ್‌ನಲ್ಲಿ ಬರುತ್ತೇನೆ. ಮನೆಗೆ ಬರಲು ಬಿಡುತ್ತೀರಾ?

ಶಶಿ

———

ಕುದ್ರೋಳಿ
7 ಫೆಬ್ರವರಿ 1982

ಶಶೀ,

ನಿನ್ನ ಕಾಗದದ ಕೊನೆಗೆ ಬರೆದ ಮಾತನ್ನು ಆಯಿಶಾಳಿಗೆ ಓದಿ ಹೇಳಿದೆ. ಮುಚ್ಚಿಡುವುದು ಸಾಕಾಯಿತು ನನಗೆ. ಅವಳು ಎಲೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಪರ್ವಾಗಿಲ್ಲ ರತ್ನಕ್ಕ, ನಿಜ ಹೇಳಿದ್ರಲ್ಲ" ಎಂದಳು. ನಾನೂ ಅವಳ ಹೆಸರಿನ ಹಿಂದೆ ಅಡಗಿದವಳೇ ಅಲ್ಲವಾ? ಅವಳ ಹೆಸರಿನಲ್ಲಿ ಬೀಡಿ ಹಾಕಿದೆ, ಅವಳ ಹೆಸರಿನಲ್ಲಿ ಬಸುರಿಯೂ ಆದೆ.

ಹೋದ ಶುಕ್ರವಾರ ಅವಳ ಜಗಲಿಯಲ್ಲಿ ಹೆಂಗಸರನ್ನು ಕೂರಿಸಿ, ನೀನು ಬರೆದ ಸಾರಾಂಶವನ್ನು ತುಳುವಿನಲ್ಲಿ ಹೇಳಿದೆ. ನಮ್ಮ ಕೇರಿಯ ಮರ್ಯಾದೆಯ ಮನೆಗಳಿಂದಲೂ ಇಬ್ಬರು ಬಂದು ಬಾಗಿಲ ಮರೆಯಲ್ಲಿ ನಿಂತಿದ್ದರು. ಎಲ್ಲ ಕೇಳಿದ ಹೆಂಗಸರು, "ಸರಿ, ಮತ್ತೆ ತಿನ್ನುವುದು ಎಂತ?" ಎಂದರು. ಉಮರಬ್ಬರು ಮಾರನೆಯ ದಿನ ಗೇಟಿನ ಹತ್ತಿರ ನಿಂತು, "ಎಂತ ರತ್ನಕ್ಕ, ನೀವೇ ಹೀಗೆಲ್ಲ ಹೆದರಿಸಿದ್ರೆ ಹೇಗೆ?" ಎಂದು ಗೊಣಗಿ ಹೋದರು.

ಆಯಿಶಾಳ ತಂಗಿಗೆ ಈಗ ನಾಲ್ಕನೆಯ ತಿಂಗಳು. ಅವಳು ತಡ್ಪೆ ಕೆಳಗಿಟ್ಟಿದ್ದಾಳೆ. ಹೆರಿಗೆ ತನಕ ಅವಳ ಪಾಲನ್ನು ನಾವೆಲ್ಲ ಸ್ವಲ್ಪ ಸ್ವಲ್ಪ ಕಟ್ಟಿ ಅವಳ ಹೆಸರಿಗೆ ಹಾಕುತ್ತೇವೆ. ಇನ್ನೊಮ್ಮೆ ನೀನು ತಕ್ಕಡಿ ತಂದರೆ ಡಿಪೊದ ಹೆಸರು ನೋಡಬೇಡ, ಕಟ್ಟುವವರ ಬೆರಳು ನೋಡು. ನನ್ನ ಹೊಟ್ಟೆಯಲ್ಲಿ ಕುಶಲಾ ಇದ್ದಾಗ ಹೀಗೆ ಪಾಲು ಹಂಚಿಕೊಳ್ಳುವುದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ನಾನು ಕಟ್ಟುತ್ತಿದ್ದೇನೆ ಎಂದು ಯಾರಿಗೂ ಗೊತ್ತಿರಬಾರದಿತ್ತಲ್ಲ.

ನಾನು ಈಗ ಹೊರಗೆ ಕೂತು ಕಟ್ಟುತ್ತೇನೆ. ಬೀದಿಯಲ್ಲಿ ಹೋಗುವವರು ನೋಡುತ್ತಾರೆ. ನಿನ್ನ ಅಣ್ಣ ಮೊದಲ ದಿನ ಊಟ ಮಾಡಲಿಲ್ಲ, ಎರಡನೆಯ ದಿನ ಮಾಡಿದರು. ಕುಶಲಾಳನ್ನು ಗಾಳಿ ಬರುವ ಕಡೆ ಮಲಗಿಸಿ, ನಿತ್ಯಾನಂದ ಅವಳ ತಲೆಯ ಅಡಿಗೆ ನಿನ್ನ ಸ್ವೆಟರ್ ಇಡುತ್ತಾನೆ. ಅವಳು ಇನ್ನೂ ಕೂರುವುದಿಲ್ಲ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗುವುದೂ ಇಲ್ಲ ಎಂದು ಕಾಣುತ್ತದೆ. ಅದು ಅದರ ಪಾಡಿಗೆ ಇರಲಿ, ನೀನು ಬಾ. ಮಗುವನ್ನು ನೋಡು, ತೂಗು, ಬರೆದುಕೋ. ಆದರೆ ಬಂದ ಕೂಡಲೇ ಚಪ್ಪಲಿ ಬಿಟ್ಟು ಒಳಗೆ ನುಗ್ಗಬೇಡ. ಬೇರೆ ಮನೆಗಳ ಮುಂದೆ ನಿಂತ ಹಾಗೆ ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕೇಳು, ಈ ಮನೆಯಲ್ಲಿ ಬೀಡಿ ಕಟ್ಟುತ್ತಾರಾ ಎಂದು. ಮನೆ ನಿನ್ನದೇ ಆದರೂ, ನೀನು ಕೇಳುವ ತನಕ ನಾನು ಒಳಗೆ ಕರೆಯುವುದಿಲ್ಲ.

ರತ್ನಾವತಿ